ಶನಿವಾರದ ನಡಿಗೆ: ಕಯೋಟೆ ಹಿಲ್ಸ್ ಪಾರ್ಕ್, ಫ್ರೀಮಾಂಟ್ (ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 8:30ಕ್ಕೆ ಕಯೋಟೆ ಹಿಲ್ಸ್‌ನ ವಿಸಿಟರ್ ಸೆಂಟರ್ ಹತ್ತಿರ ಸೇರೋಣ. ಊರಿಂದ ಅಪ್ಪ ಅಮ್ಮ ಬಂದಿರುವವರು ದಯವಿಟ್ಟು ಅವರನ್ನೂ ಕರೆತನ್ನಿ, ಅವರನ್ನು ನೆನೆಸಿಕೊಂಡೇ ಈ ಜಾಗ ಆರಿಸಿದ್ದು. ಮಿಷನ್ ಪೀಕ್ ಬೆಟ್ಟದ ತರಹದ ಕಡಿದಾದ ಏರು ಇಲ್ಲಿಲ್ಲ. ಬೇವ್ಯೂ ಟ್ರೇಲ್ ಸುಮಾರು 3.5 ಮೈಲಿ, ಡಾಂಬರಿನ ದಾರಿ. ಅಲ್ಲಲ್ಲಿ ಸ್ವಲ್ಪ ಏರಿಳಿತ ಇದೆ, ಆದರೆ ಸ್ಟ್ರಾಲರ್ ತಳ್ಳಬಹುದು. ಒಂದು ಕಡೆ ಕೊಲ್ಲಿಯ ನೀರು, ಇನ್ನೊಂದು ಕಡೆ ಜೌಗು, ಹಕ್ಕಿಗಳು. ಮಕ್ಕಳಿಗೆ ಬೈನಾಕ್ಯುಲರ್ ಕೊಟ್ಟು ಕಳಿಸಿ, ಖುಷಿಪಡುತ್ತಾರೆ.

ಪೂರ್ತಿ ಸುತ್ತು ಜಾಸ್ತಿ ಎನಿಸುವವರು ಜೌಗಿನ ಪಕ್ಕ ಸ್ವಲ್ಪ ದೂರ ನಡೆದು ವಾಪಸ್ ಬರಬಹುದು. ಯಾರೂ ಅವಸರ ಮಾಡುವುದಿಲ್ಲ.

ಗಮನಿಸಿ:
- ದಾರಿಯಲ್ಲಿ ನೆರಳು ಕಡಿಮೆ, ಕೊಲ್ಲಿಯ ಗಾಳಿ ಜೋರು. ಟೋಪಿ, ನೀರು ಬೇಕೇ ಬೇಕು. ಹಿರಿಯರಿಗೆ ಸ್ವೆಟರ್ ಮರೆಯಬೇಡಿ.
- ಹುಲ್ಲಿನೊಳಗೆ ಇಳಿಯಬೇಡಿ. ರಕ್ತ ಹೀರುವ ಉಣ್ಣೆಹುಳ (ಟಿಕ್) ಇರುತ್ತವೆ, ಬಿಸಿಲಿನ ದಿನಗಳಲ್ಲಿ ರ‍್ಯಾಟಲ್ ಹಾವೂ ಇರಬಹುದು.
- ಸೈಕಲ್‌ನವರು ವೇಗವಾಗಿ ಬರುತ್ತಾರೆ, ಮಕ್ಕಳ ಕೈ ಹಿಡಿದುಕೊಳ್ಳಿ.
- ಪಾರ್ಕಿಂಗ್‌ಗೆ ಶುಲ್ಕ ಇರುತ್ತದೆ. ಸಾಧ್ಯವಾದರೆ ಒಂದೇ ಕಾರಿನಲ್ಲಿ ಬನ್ನಿ.

ಮಳೆ ಬಂದರೆ ಲೇಕ್ ಎಲಿಜಬೆತ್‌ಗೆ ಭಾನುವಾರ ಹೋಗೋಣ. ಅದು ಸಮತಟ್ಟು, ಸುಮಾರು 2 ಮೈಲಿ ಸುತ್ತು.

ಎಷ್ಟು ಜನ ಬರುತ್ತೀರಿ, ಯಾರ ಕಾರಿನಲ್ಲಿ ಜಾಗ ಇದೆ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಉಪ್ಪಿಟ್ಟು ನಮ್ಮ ಮನೆಯಿಂದ. ಕಾಫಿ ಫ್ಲಾಸ್ಕ್ ಯಾರು ತರುತ್ತೀರಿ?