ಮಂಗನ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ?

ಸಂಪಾದಕರೇ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಮಂಗನ ಕಾಯಿಲೆ ಬಗ್ಗೆ ಸುದ್ದಿ ಬಂದಿತ್ತು. ಸುದ್ದಿಯಲ್ಲಿ ತಪ್ಪಿರಲಿಲ್ಲ. ಆದರೆ ಪಕ್ಕದ ಫೋಟೊ ನೋಡಿ ಬೇಜಾರಾಯಿತು. ಹಲ್ಲು ಕಿರಿಯುವ ಒಂದು ಮಂಗ, ಅದೂ ಎರಡು ಕಾಲಂ ಅಗಲಕ್ಕೆ. ಕಾಯಿಲೆ ದಾಟಿಸುವ ಉಣುಗಿನ (ರಕ್ತ ಹೀರುವ ಉಣ್ಣೆಯ) ಚಿತ್ರ ಇಡೀ ಪುಟದಲ್ಲಿ ಎಲ್ಲೂ ಇಲ್ಲ. ಅವತ್ತೇ ನಮ್ಮೂರಿನ ಹೋಟೆಲಿನಲ್ಲಿ ಒಬ್ಬರು ಪೇಪರ್ ಮಡಚಿಡುತ್ತಾ, "ಇವನ್ನೆಲ್ಲ ಹೊಡೆದು ಹಾಕಿದರೆ ಜ್ವರವೂ ಹೋಗುತ್ತೆ, ತೋಟದ ಕಾಟವೂ ಹೋಗುತ್ತೆ" ಅಂದರು. ನಾಲ್ಕು ಜನ ತಲೆಯಾಡಿಸಿದರು. ನನಗೂ ಮಂಗನ ಮೇಲೆ ಸಿಟ್ಟಿಲ್ಲ ಅಂತಲ್ಲ, ಎಳೆ ಅಡಿಕೆ ಕಿತ್ತು ಚೀಪಿ ಬಿಸಾಡುವುದನ್ನು ಕಣ್ಣಾರೆ ನೋಡಿದವನಿಗೆ ಪ್ರೀತಿ ಎಲ್ಲಿಂದ ಬರಬೇಕು ಹೇಳಿ. ಆದರೆ ಜ್ವರದ ವಿಷಯ ಬೇರೆ.

ಇದನ್ನು ಬರೆಯಲು ಕಾರಣ ಸೌದಿ ಅರೇಬಿಯಾದ ಜಿದ್ದಾದಿಂದ ಬಂದ ಒಂದು ಫೋನ್. ಭಟ್ಕಳದ ಗೆಳೆಯರೊಬ್ಬರು ಅಲ್ಲಿ ಸುಮಾರು ವರ್ಷಗಳಿಂದ ಅಂಗಡಿ ನಡೆಸುತ್ತಾರೆ. ನಮ್ಮ ಕಡೆ ಜ್ವರ ಶುರುವಾಗಿದೆ ಅಂದೆ. "ಇಲ್ಲೂ ಅದರ ದಾಯಾದಿ ಒಂದಿದೆಯಂತಲ್ಲ ಮಾರಾಯ್ರೆ, ಕುರಿ ಕಡಿಯುವವರಿಗೆ ಬರುತ್ತಂತೆ" ಅಂದರು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಮಳೆಯೇ ಬಾರದ ಮರಳುಗಾಡಿಗೂ ನಮ್ಮ ಕಾಡಿಗೂ ಎಲ್ಲಿಯ ನೆಂಟಸ್ತಿಕೆ? ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು, ಅವರು ಹೇಳಿದ್ದು ನಿಜ.

ನಮ್ಮ ಕಾಯಿಲೆ ಸಿಕ್ಕಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಪ್ಪು ಮೂತಿಯ ಮುಸಿಯ, ಕೆಂಪು ಮೂತಿಯ ಮಂಗ ಎರಡೂ ಸಾಯುತ್ತಿದ್ದವು, ಪಕ್ಕದ ಊರಿನ ಜನರೂ ಜ್ವರದಿಂದ ಮಲಗಿದ್ದರು. ಹಳದಿ ಜ್ವರವೇ ಭಾರತಕ್ಕೆ ಬಂತಾ ಅಂತ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗಾಬರಿಯಿಂದ ಓಡಿ ಬಂದರು. ಪರೀಕ್ಷೆ ಮಾಡಿದರೆ ಅದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ಬಳಗ. ಹಾಗಾದರೆ ಸೈಬೀರಿಯಾದಿಂದ ಹಾರಿ ಬರುವ ಹಕ್ಕಿಗಳೇ ತಂದಿರಬಹುದಾ ಅನ್ನೋ ಅನುಮಾನ ಎದ್ದು, ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳನ್ನು ಹಿಡಿದು ಕಾಲಿಗೆ ಬಳೆ ತೊಡಿಸಿ, ಮೈಮೇಲಿನ ಉಣುಗು ಹುಡುಕುವ ಕೆಲಸವನ್ನೂ ಮಾಡಿತು.

ಜಿದ್ದಾದ ಕಥೆ ಶುರುವಾಗಿದ್ದು ಅದಾದ ಸುಮಾರು 40 ವರ್ಷದ ಮೇಲೆ, 1995ರ ಹೊತ್ತಿಗೆ. ಅಲ್ಲಿ ಮೊದಲು ಸಿಕ್ಕಿದ ರೋಗಿಗಳು ಮಾಂಸದ ಅಂಗಡಿಯವರು. ಅವರ ರಕ್ತದಲ್ಲಿ ಸಿಕ್ಕ ವೈರಸ್ಸಿನ ಪ್ರೋಟೀನುಗಳನ್ನು ನಮ್ಮ ಕ್ಯಾಸನೂರಿನ ವೈರಸ್ಸಿನ ಜೊತೆ ಇಟ್ಟು ನೋಡಿದರೆ ಶೇ 97ರ ಹತ್ತಿರ ಒಂದೇ. ಎರಡೂ ಯಾವಾಗ ಬೇರೆ ಬೇರೆ ಮನೆ ಮಾಡಿಕೊಂಡವು ಅನ್ನುವುದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ಆ ರೋಗಕ್ಕೆ ಅಲ್‌ಖುಮ್ರಾ ಅಂತ ಹೆಸರು, ಅದು ಜಿದ್ದಾ ದಕ್ಷಿಣಕ್ಕಿರುವ ಜಾಗ. ಆದರೆ ಜಾಸ್ತಿ ಜನ ಅದನ್ನು ಅಲ್‌ಖುರ್ಮಾ ಅಂತ ಬರೆದುಬಿಟ್ಟರು. ಆ ಹೆಸರಿನ ಊರು ಬೇರೆಯೇ ಇದೆ. ಪಾಪ, ಸಂಬಂಧವೇ ಇಲ್ಲದ ಊರು ಸುಮ್ನೆ ಕೆಟ್ಟ ಹೆಸರು ಹೊತ್ತುಕೊಂಡಿತು. ನಮ್ಮ ಮಂಗನ ಹಾಗೆ.

ರೋಗಿಯನ್ನು ಮಲಗಿಸಿ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಡಿಮೆ. ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿಯುವ ನೋವು, ಸೊಂಟ ಕೈಕಾಲು ಸೆಳೆತ, ವಾಂತಿ. ಪ್ಲೇಟ್‌ಲೆಟ್ ಇಳಿಯುತ್ತೆ, ಬಿಳಿ ರಕ್ತಕಣವೂ ಇಳಿಯುತ್ತೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ನಮ್ಮದರಲ್ಲಿ ಇನ್ನೊಂದು ಮೋಸ ಇದೆ. ಜ್ವರ ಬಿಟ್ಟಿತು ಅಂತ ಗಂಜಿ ಕುಡಿದು ಎದ್ದು ಓಡಾಡುವವರಲ್ಲಿ ಕೆಲವರಿಗೆ ಒಂದೆರಡು ವಾರದ ಮೇಲೆ ಮತ್ತೆ ಬರುತ್ತೆ, ಆಗ ಕತ್ತು ಬಿಗಿಯುವುದು, ಕೈ ನಡುಗುವುದು, ಮಾತು ತೊದಲುವುದು. ಅಲ್ಲಿಯದರಲ್ಲೂ ಮಿದುಳಿಗೆ ಏರುವುದುಂಟು. ವೈರಸ್ಸನ್ನೇ ಕೊಲ್ಲುವ ಔಷಧ ಎರಡಕ್ಕೂ ಇಲ್ಲ. ಡ್ರಿಪ್ ಹಾಕಿ, ರಕ್ತ ನೋಡಿಕೊಂಡು, ಕಾಯಬೇಕು ಅಷ್ಟೇ.

ಸಾವಿನ ಲೆಕ್ಕದಲ್ಲಿ ಒಂದು ವಿಷಯ ಗಮನಿಸಿ. ಶುರುವಿನಲ್ಲಿ ಅಲ್‌ಖುಮ್ರಾ ಜ್ವರ ಬಂದ ನಾಲ್ವರಲ್ಲಿ ಒಬ್ಬರು ಸಾಯುತ್ತಾರೆ ಅಂತ ಬರೆದರು. ಆಮೇಲೆ ಸೌದಿಯದ್ದೇ ನಜ್ರಾನ್ ಅನ್ನೋ ಕಡೆ ರೋಗಿಗಳ ಮನೆಯವರನ್ನೂ ಸೇರಿಸಿ ರಕ್ತ ಪರೀಕ್ಷೆ ಮಾಡಿದಾಗ, ಏನೂ ಆಗದೆ ಸೋಂಕು ಬಂದು ಹೋದವರೂ ಸಿಕ್ಕರು. ಮೊದಲು ಎಣಿಸಿದ್ದು ಆಸ್ಪತ್ರೆ ಸೇರುವಷ್ಟು ಜೋರಾದವರನ್ನು ಮಾತ್ರ. ಹಾಗಾಗಿ ಆ ಹಳೇ ಲೆಕ್ಕ ಈಗ ನಿಲ್ಲುವುದಿಲ್ಲ. ನಮ್ಮಲ್ಲಿ ನೂರಕ್ಕೆ 3ರಿಂದ 5 ಅನ್ನುತ್ತಾರೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಸಾಲು ಸಾವು ನೋಡಿದವರಿಗೆ ಈ ಶೇಕಡಾವಾರು ಯಾವ ಸಮಾಧಾನವನ್ನೂ ಕೊಡುವುದಿಲ್ಲ, ಅದು ಬೇರೆ ಮಾತು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅಲ್ಲಿಯ ಜ್ವರಕ್ಕೆ ಮಂಗ ಬೇಕೇ ಆಗಿಲ್ಲ. ಒಂಟೆ, ಕುರಿ, ಮೇಕೆ, ಅವುಗಳ ಉಣುಗು, ಅವುಗಳ ಜೊತೆ ಬದುಕುವ ಮನುಷ್ಯ, ಇಷ್ಟೇ. ಎರಡೂ ಕಡೆ ತಪ್ಪದೆ ಇರುವುದು ಉಣುಗು. ಹಾಗಂತ ನಮ್ಮಲ್ಲಿ ಮಂಗನಿಗೆ ಪಾತ್ರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಂಗನ ಮೈಯಲ್ಲಿ ವೈರಸ್ ಚೆನ್ನಾಗಿ ಬೆಳೆಯುತ್ತೆ, ಅದರ ರಕ್ತ ಹೀರಿದ ಉಣುಗುಗಳಿಗೆ ಅಂಟುತ್ತೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅವೆಲ್ಲ ಕೆಳಗಿಳಿದು ಬೇರೆ ಮೈ ಹುಡುಕುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ತಕ್ಷಣ ತಿಳಿಸಿ ಅನ್ನುವುದು. ಆದರೆ ಮಂಗ ನಮಗೆ ನೇರವಾಗಿ ಜ್ವರ ದಾಟಿಸುತ್ತಿಲ್ಲ, ನಮಗಿಂತ ಮೊದಲು ಅದೇ ಸಾಯುತ್ತಿದೆ. ಜಿದ್ದಾದವರಿಗೆ ಹೀಗೆ ಮೊದಲೇ ಸತ್ತು ಸುದ್ದಿ ಕೊಡುವ ಪ್ರಾಣಿಯೂ ಇಲ್ಲ. ಅಲ್ಲಿ ಒಂಟೆ, ಕುರಿಗಳು ಆರಾಮಾಗಿ ಮೇಯುತ್ತಾ ಇರುತ್ತವೆ, ಜ್ವರ ಬಂದಿದ್ದು ಗೊತ್ತಾಗುವುದು ಮನುಷ್ಯ ಮಲಗಿದ ಮೇಲೇ.

ಉಣುಗಿನಲ್ಲೂ ಜಾತಿ ಬೇರೆ, ಬುದ್ಧಿ ಬೇರೆ. ಅಲ್ಲಿಯ ಒಂದು ಜಾತಿ ಒಂಟೆ ಮಲಗುವ ಕಡೆ ಮರಳಿನಲ್ಲಿ ಹುದುಗಿರುತ್ತೆ. ಯಾರಾದರೂ ನೆರಳಿಗೆ ಬಂದು ಕೂತರೆ ಎದ್ದು ಬಂದು, ಸ್ವಲ್ಪ ಹೊತ್ತಿನಲ್ಲೇ ರಕ್ತ ಹೀರಿ, ಮತ್ತೆ ಮರಳಿಗೆ ಇಳಿಯುತ್ತೆ. ಕಚ್ಚಿಸಿಕೊಂಡವನು ತಿರುಗಿ ನೋಡಿದರೆ ಏನೂ ಕಾಣುವುದಿಲ್ಲ. ನಮ್ಮದು ಹಾಗಲ್ಲ, ಕಚ್ಚಿದರೆ ದಿನಗಟ್ಟಲೆ ಬಿಡುವುದಿಲ್ಲ. ಅದರಲ್ಲೂ ಮನುಷ್ಯನಿಗೆ ಜಾಸ್ತಿ ಕಚ್ಚುವುದು ಮರಿ ಉಣುಗು, ಎಳ್ಳಿಗಿಂತಲೂ ಸಣ್ಣದು. ಬೆಟ್ಟದಿಂದ ದರಗು (ಉದುರಿದ ಒಣ ಎಲೆ) ಹೊತ್ತು ತಂದ ಸಂಜೆ ಬಚ್ಚಲಿಗೆ ಹೋದರೆ ಮೊಣಕಾಲಿನ ಹಿಂದೆ, ಪಂಚೆ ಕಟ್ಟುವ ಜಾಗದಲ್ಲಿ, ಕಂಕುಳಲ್ಲಿ ಕೈಯಾಡಿಸುವುದು ನಮಗೆಲ್ಲ ಅಭ್ಯಾಸ. ಬಿಸಿನೀರು ಬಿದ್ದಾಗ ಚುರ್ ಅಂದರೆ ಅಲ್ಲೊಂದು ಇದೆ ಅಂತ ಲೆಕ್ಕ. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಟಾರ್ಚ್ ಬಿಟ್ಟು ಬೆನ್ನು ನೋಡುತ್ತಾಳೆ. ಹೋದ ವರ್ಷ ಮಚ್ಚೆ ಅಂತ ಬಿಟ್ಟಿದ್ದು ಮಾರನೇ ದಿನ ಕಾಲು ಆಡಿಸಿತು.

ದರಗು ಗುಡಿಸುವುದು ಯಾವಾಗ? ಎಲೆ ಉದುರಿದ ಮೇಲೆ, ಮಳೆ ಬರುವ ಮೊದಲು. ಮರಿ ಉಣುಗು ನೆಲದ ತುಂಬಾ ಇರುವುದೂ ಅದೇ ತಿಂಗಳುಗಳಲ್ಲಿ, ನವೆಂಬರಿನಿಂದ ಮೇ ತನಕ. ಆ ದರಗು ನೇರ ಕೊಟ್ಟಿಗೆಗೆ ಹೋಗುತ್ತೆ, ದನದ ಕಾಲಡಿಗೆ. ದನಕ್ಕೆ ಈ ಜ್ವರ ಏನೂ ಮಾಡುವುದಿಲ್ಲ, ಆದರೆ ಬಲಿತ ಉಣುಗು ಹೊಟ್ಟೆ ತುಂಬಿಸಿಕೊಂಡು ಮೊಟ್ಟೆ ಇಡುವುದು ದನದ ರಕ್ತದಿಂದಲೇ. ಅಂದರೆ ಉಣುಗಿನ ಸಂಸಾರಕ್ಕೆ ಊಟ ಹಾಕುತ್ತಿರುವವರು ನಾವೇ. ಇದನ್ನು ಯಾವ ಪೇಪರಿನಲ್ಲೂ ದೊಡ್ಡ ಅಕ್ಷರದಲ್ಲಿ ನೋಡಿದ ನೆನಪು ನನಗಿಲ್ಲ. ಕೊಟ್ಟಿಗೆಯ ಫೋಟೊ ಹಾಕಿದರೆ ಯಾರು ಓದುತ್ತಾರೆ ಅಲ್ವಾ?

ಇನ್ನೊಂದು ವಿಷಯ ಡಾಕ್ಟರುಗಳಿಗೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಂದು ಕಾಲು ಜಿದ್ದಾದಲ್ಲಿದೆ. 2010ರಲ್ಲಿ ಈಜಿಪ್ಟಿನ ದಕ್ಷಿಣ ಗಡಿಯ ಒಂಟೆ ಸಂತೆಗೆ ಹೋಗಿದ್ದ ಇಟಲಿಯ ಪ್ರವಾಸಿಗಳು ಈ ಅಲ್‌ಖುಮ್ರಾ ಜ್ವರ ಹಚ್ಚಿಕೊಂಡು ಊರಿಗೆ ಮರಳಿದ್ದರು. ಅಂದಮೇಲೆ ಅಲ್ಲಿಂದ ರಜೆಗೆ ಬಂದವರಿಗೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ, ಡೆಂಗಿ ಅಂತ ಬರೆದು ಮುಗಿಸುವ ಮೊದಲು ಅಲ್ಲಿ ಕುರಿ ಒಂಟೆ ಮುಟ್ಟಿದ್ರಾ ಅಂತ ಒಂದು ಮಾತು ಕೇಳಬೇಕು. ದಾಯಾದಿಗಳಾದ್ದರಿಂದ ರಕ್ತದ ಪ್ರತಿಕಾಯ ಪರೀಕ್ಷೆಯಲ್ಲಿ ಒಂದು ಇನ್ನೊಂದರ ಹಾಗೆ ಕಾಣಬಹುದು. ಜ್ವರದ ಮೊದಲ ದಿನಗಳಲ್ಲೇ ಪಿಸಿಆರ್ ಮಾಡಿಸಿದರೆ ವೈರಸ್ಸೇ ಕೈಗೆ ಸಿಗುತ್ತೆ.

ಲಸಿಕೆ ವಿಷಯ ಜಾಸ್ತಿ ಹೇಳುವುದಿಲ್ಲ. ಸೌದಿಯವರಿಗೆ ಲಸಿಕೆಯೇ ಇಲ್ಲ. ನಮಗೆ ಇತ್ತು, ಸೂಜಿ ಚುಚ್ಚಿದ ತೋಳು ಎರಡು ದಿನ ಎತ್ತಲು ಆಗುತ್ತಿರಲಿಲ್ಲ, ಬೂಸ್ಟರ್ ಅಂದರೆ ಜನ ಹಿತ್ತಿಲ ಬಾಗಿಲಿಂದ ಓಡುತ್ತಿದ್ದರು. ರಕ್ಷಣೆಯೂ ಅರೆಬರೆ. ಈಗ ಅದನ್ನು ನಿಲ್ಲಿಸಿದ್ದಾರೆ, ಹೊಸದರ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ನಡೆಯುತ್ತಿದೆ. ಅಲ್ಲಿಯ ತನಕ ನಮಗಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ, ಬಿಸಿನೀರು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಮಂಗನ ಬದಲು ಉಣುಗಿನ ಫೋಟೊ ಹಾಕಿ, ಗಾತ್ರ ಗೊತ್ತಾಗಲು ಪಕ್ಕದಲ್ಲಿ ಒಂದು ಅಕ್ಕಿ ಕಾಳು ಇಡಿ. ಹೆಸರು ಬದಲಿಸಲು ಆಗದಿದ್ದರೆ ಬೇಡ, ತಲೆಬರಹದಲ್ಲಿ ಉಣುಗು ಅನ್ನೋ ಪದವನ್ನಾದರೂ ಸೇರಿಸಿ. ಆ ಪುಟವನ್ನು ಜನವರಿಯಲ್ಲಿ ಜ್ವರ ಬಂದ ಮೇಲಲ್ಲ, ನವೆಂಬರಿನಲ್ಲೇ ಹಾಕಿ, ಹೋಟೆಲಿನವರಿಗೆ ಹೇಳಿ ನಾನೇ ಗೋಡೆಗೆ ಅಂಟಿಸುತ್ತೇನೆ. ಈ ಭಾನುವಾರ ನಮ್ಮ ಮನೆಗೆ ದರಗು ತರುವುದಿದೆ, ಆರು ಆಳು ಹೇಳಿದ್ದೇನೆ. ಎಣ್ಣೆ ಬಾಟಲಿ ಇರುವುದು ಎರಡೇ. ಉಳಿದದ್ದು ಶನಿವಾರದೊಳಗೆ ಬರುತ್ತೆ ಅಂತ ಆಶಾ ಕಾರ್ಯಕರ್ತೆ ಹೇಳಿದ್ದಾರೆ, ಬರದಿದ್ದರೆ ದರಗು ಬೆಟ್ಟದಲ್ಲೇ ಇರಲಿ ಅಂದುಕೊಂಡಿದ್ದೇನೆ.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು