ಗಟ್ಟಿಯಾದರೆ ಸಾಲದು, ಹಿಡಿತ ಬೇಕು

ಮಾನ್ಯ ಸಂಪಾದಕರೇ,

ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಕಾಫಿಪುಡಿ, ಏಲಕ್ಕಿ, ಜೇನಿನ ಸಾಲಿನಲ್ಲೇ ಈಗ ‘ಸ್ಕ್ರಬ್ ಬಾಡಿವಾಶ್’ (ಮೈ ಉಜ್ಜುವ ಕಣ ಬೆರೆಸಿದ ದ್ರವ ಸೋಪು) ಬಾಟಲಿಗಳೂ ಕೂತಿವೆ. ಸಣ್ಣ ಘಟಕಗಳು, ಸ್ವಸಹಾಯ ಸಂಘಗಳು ಮಾಡಿದ ಇಂಥ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಎಷ್ಟೋ ಸಲ ಮೇಲೆಲ್ಲ ತಿಳಿ, ತಳದಲ್ಲಿ ಎರಡು ಬೆರಳು ಗಸಿ. ‘ಅಲ್ಲಾಡಿಸಿ ಬಳಸಿ’ ಎಂಬ ಚೀಟಿ ಬೇರೆ. ಅಲ್ಲಾಡಿಸಿದರೆ ನೊರೆ ಬರುತ್ತದೆಯೇ ಹೊರತು ಗಸಿ ಏಳುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಮಾಡುವ ಮದ್ದು ಇನ್ನಷ್ಟು ಉಪ್ಪು. ಎಸ್‌ಎಲ್‌ಇಎಸ್ (ನೊರೆ ಕೊಡುವ ಮೂಲ ಪದಾರ್ಥ) ದ್ರಾವಣಕ್ಕೆ ಉಪ್ಪು ಹಾಕಿದರೆ ಗಟ್ಟಿಯಾಗುವುದು ನಿಜ, ಹದ ಮೀರಿದರೆ ಮತ್ತೆ ನೀರಾಗುವುದೂ ನಿಜ. ಆದರೆ ಗಟ್ಟಿತನ ಬೇರೆ, ಹಿಡಿತ ಬೇರೆ. ಜೋನಿಬೆಲ್ಲ ಗಟ್ಟಿ, ಆದರೂ ಅದರಲ್ಲಿ ಬಿದ್ದ ಮರಳು ಬೆಳಗಾಗುವಷ್ಟರಲ್ಲಿ ತಳ ಸೇರಿರುತ್ತದೆ. ಹೆಪ್ಪುಗಟ್ಟಿದ ಮೊಸರಿನ ಮೇಲೆ ಬಿದ್ದ ಒಗ್ಗರಣೆಯ ಸಾಸಿವೆ ಮಾತ್ರ ಬಿದ್ದಲ್ಲೇ ಇರುತ್ತದೆ. ಲೆಕ್ಕ ಹಾಕಿಯೇ ನೋಡಬಹುದು: 5,000 ಸೆಂಟಿಪಾಯ್ಸ್ (ದ್ರವದ ಗಟ್ಟಿತನದ ಅಳತೆ) ಗಟ್ಟಿಯ ಬಾಡಿವಾಶ್‌ನಲ್ಲಿ ಕಾಲು ಮಿಲಿಮೀಟರ್ ಗಾತ್ರದ ತೆಂಗಿನ ಕರಟದ ಕಣ ಗಂಟೆಗೆ ಸುಮಾರು 7 ಮಿ.ಮೀ. ಇಳಿಯುತ್ತದೆ. ಹದಿನೈದು ಸೆಂಟಿಮೀಟರ್ ಬಾಟಲಿಗೆ ಒಂದು ಹಗಲು ಒಂದು ರಾತ್ರಿ ಸಾಕು. ಗಟ್ಟಿತನ ದುಪ್ಪಟ್ಟು ಮಾಡಿದರೆ ಎರಡು ದಿನ, ಅಷ್ಟೇ.

ಮೊಸರಿನಂಥ ಹಿಡಿತ ಕೊಡುವುದು ಅಕ್ರಿಲೇಟ್ಸ್ ಕೋಪಾಲಿಮರ್. ಶೇ 30ರ ಬಿಳಿ ದ್ರವವಾಗಿ ಸಿಗುತ್ತದೆ. ಸ್ಯಾನಿಟೈಸರ್‌ಗೆ ಬಳಸುವ ಕಾರ್ಬೋಮರ್ 940 ಇಲ್ಲಿಗೆ ಆಗಿಬರುವುದಿಲ್ಲ. ಎಸ್‌ಎಲ್‌ಇಎಸ್‌ನಲ್ಲಿರುವ ಸೋಡಿಯಂ ಸಾಕು ಅದರ ಜೆಲ್ ಕುಸಿಯಲು. ಒಂದು ಕಿಲೋ ಬಾಡಿವಾಶ್‌ಗೆ ಆರ್‌ಒ ನೀರು ಸುಮಾರು 450 ಗ್ರಾಂ, ಡೈಸೋಡಿಯಂ ಇಡಿಟಿಎ (ನೀರಿನ ಕ್ಯಾಲ್ಸಿಯಂ ಹಿಡಿದಿಡುವುದು) 1 ಗ್ರಾಂ, ಕೋಪಾಲಿಮರ್ 70, ಶೇ 28ರ ಎಸ್‌ಎಲ್‌ಇಎಸ್ 300, ಕೋಕೋ ಬೀಟೇನ್ (ಸೌಮ್ಯ ನೊರೆಕಾರಕ) 100, ಗ್ಲಿಸರಿನ್ 20, ಸೋಡಿಯಂ ಬೆಂಜೊಯೇಟ್ (ಕೆಡದಂತೆ ಕಾಯುವುದು) 5 ಗ್ರಾಂ. ಸುವಾಸನೆ 3 ಗ್ರಾಂ ಮೀರುವುದು ಬೇಡ; ಅದನ್ನು 12 ಗ್ರಾಂ ಪಾಲಿಸಾರ್ಬೇಟ್ 20ರಲ್ಲಿ (ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ಪದಾರ್ಥ) ಮೊದಲೇ ಬೆರೆಸದಿದ್ದರೆ ಬಾಟಲಿ ಮಬ್ಬಾಗುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರ ಕ್ಯಾಲ್ಸಿಯಂ ಪಾಲಿಮರನ್ನೇ ಹಿಡಿದುಕೊಳ್ಳುತ್ತದೆ.

ಸೋಲುವುದು ಹೆಚ್ಚಾಗಿ ಹಾಕುವ ಕ್ರಮದಲ್ಲಿ. ನೀರಿಗೆ ಇಡಿಟಿಎ, ಆಮೇಲೆ ಕೋಪಾಲಿಮರ್, ಆಮೇಲೆ ಎಸ್‌ಎಲ್‌ಇಎಸ್. ಇಷ್ಟು ಹೊತ್ತು ಪಾತ್ರೆಯಲ್ಲಿರುವುದು ನೀರುಮಜ್ಜಿಗೆಯಂಥ ಬಿಳಿ. ಈಗ ಶೇ 18ರ ಕಾಸ್ಟಿಕ್ ಸೋಡಾ ದ್ರಾವಣವನ್ನು, ಕೈಗವಸು ಹಾಕಿಕೊಂಡು, ಹನಿಹನಿಯಾಗಿ ಬಿಡಬೇಕು. ಪಿಎಚ್ (ಆಮ್ಲ-ಕ್ಷಾರದ ಅಳತೆ) 6 ದಾಟುತ್ತಿದ್ದಂತೆ ಬಿಳಿ ಕರಗಿ, ಕಲಕುವ ಕೋಲು ಭಾರವಾಗುತ್ತದೆ. 6.6ಕ್ಕೆ ನಿಲ್ಲಿಸಿ. ಬೀಟೇನ್, ಗ್ಲಿಸರಿನ್, ಸುವಾಸನೆ, ಬೆಂಜೊಯೇಟ್ ಸೇರಿದ ಮೇಲಷ್ಟೇ ಸಿಟ್ರಿಕ್ ಆಮ್ಲದ ದ್ರಾವಣದಿಂದ 5ಕ್ಕೆ ಇಳಿಸಿ. ತಿಳಿ ಇನ್ನೂ ಹೆಚ್ಚುತ್ತದೆ. ಬೆಂಜೊಯೇಟ್ ಕೆಲಸ ಮಾಡುವುದೂ ಆಮ್ಲದ ಕಡೆಗಿದ್ದಾಗಲೇ. ಮೊದಲೇ ಸಿಟ್ರಿಕ್ ಹಾಕಿಬಿಟ್ಟರೆ ಪಾಲಿಮರ್ ಬಿಚ್ಚಿಕೊಳ್ಳುವುದೇ ಇಲ್ಲ, ಮಜ್ಜಿಗೆ ಮಜ್ಜಿಗೆಯಾಗಿಯೇ ಉಳಿಯುತ್ತದೆ.

ಕಣವನ್ನು ಹಿಡಿದ ಜೆಲ್ ಗಾಳಿಗುಳ್ಳೆಯನ್ನೂ ಬಿಡುವುದಿಲ್ಲ. ಹಾಗಾಗಿ ಮಿಕ್ಸಿ, ಕಡೆಗೋಲು ಎರಡೂ ಬೇಡ. ಅಗಲ ರೆಕ್ಕೆಯ ಕಲಕುಕೋಲು ಪೂರ್ತಿ ಮುಳುಗಿರಲಿ, ನಿಧಾನಕ್ಕೆ ತಿರುಗಲಿ. ಕಾಸ್ಟಿಕ್ ಹಾಕುವ ಮುಂಚೆ, ದ್ರವ ತೆಳ್ಳಗಿರುವಾಗಲೇ, ಒಂದು ರಾತ್ರಿ ಬಿಟ್ಟರೆ ನೊರೆ ತಾನಾಗಿ ಇಳಿಯುತ್ತದೆ. ಕೊನೆಯಲ್ಲಿ ಎಲ್ಲೋ ಒಂದೆರಡು ಗುಳ್ಳೆ ಉಳಿದು ಮಾರನೇ ದಿನವೂ ಅಲ್ಲೇ ನಿಂತಿದ್ದರೆ ಬೇಸರ ಬೇಡ, ಹಿಡಿತ ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಇನ್ನು ಕಣದ ಮಾತು. ನಮ್ಮ ಜಿಲ್ಲೆಗಳೆಂದರೆ ಕಾಫಿ, ಹಾಗಾಗಿ ಎಲ್ಲರ ಕೈಯೂ ಮೊದಲು ಹೋಗುವುದು ಕಾಫಿ ಚರಟಕ್ಕೆ. ತಿಳಿ ಬಾಟಲಿಗೆ ಅದು ಒಳ್ಳೆಯ ಆಯ್ಕೆಯಲ್ಲ. ಕಂದುಬಣ್ಣ ಬಿಡುತ್ತದೆ, ಒಳಗಿನ ಎಣ್ಣೆ ಮಬ್ಬು ತರುತ್ತದೆ, ಮುಗ್ಗಲು ವಾಸನೆಗೂ ದಾರಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವೇ ವಾಸಿ. ನಾರನ್ನು ಪೂರ್ತಿ ಹೆರೆದು ತೆಗೆಯಿರಿ. ಉಳಿದರೆ ಬಾಟಲಿಯಲ್ಲಿ ಕೂದಲಿನಂತೆ ಕಾಣುತ್ತದೆ. ಪುಡಿ ಮಾಡಿ, 60 ನಂಬರ್ ಜರಡಿಯಲ್ಲಿ ಇಳಿದು 100 ನಂಬರ್ ಜರಡಿಯ ಮೇಲೆ ನಿಂತದ್ದನ್ನು, ಅಂದರೆ 150ರಿಂದ 250 ಮೈಕ್ರಾನ್‌ನದ್ದನ್ನು ಮಾತ್ರ ಇಟ್ಟುಕೊಳ್ಳಿ. ಅದಕ್ಕಿಂತ ನಯವಾದ ಧೂಳು ತಿಳಿಯನ್ನು ಕೆಡಿಸುತ್ತದೆ, ದಪ್ಪದ್ದು ಚರ್ಮ ಗೀರುತ್ತದೆ. ನೀರು ತಿಳಿಯಾಗುವವರೆಗೆ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕಿಲೋಗೆ 12 ಗ್ರಾಂ ಹಾಕಿದರೆ ಸಾಕು. ಗ್ಲಿಸರಿನ್‌ನಲ್ಲಿ ನೆನೆಸಿ ಹಾಕಿದರೆ ಕಣಕ್ಕಂಟಿದ ಗಾಳಿಯೂ ಹೋಗುತ್ತದೆ. ಕರಟದ ಕಣಕ್ಕೆ ಮೂಲೆಗಳಿರುತ್ತವೆ, ಆದ್ದರಿಂದ ‘ಮುಖಕ್ಕಲ್ಲ’ ಎಂದು ಚೀಟಿಯಲ್ಲಿ ಬರೆಯಲೇಬೇಕು. ದುಂಡಗಿದೆ, ಅಗ್ಗ ಎಂದು ಪ್ಲಾಸ್ಟಿಕ್ ಮಣಿಗೆ ಹೋಗಬೇಡಿ. ಅಮೆರಿಕ 2015ರಲ್ಲೇ ಕಾನೂನು ತಂದು ತೊಳೆದುಹೋಗುವ ಪದಾರ್ಥಗಳಲ್ಲಿ ಅವನ್ನು ನಿಷೇಧಿಸಿತು.

ಅಕ್ರಿಲೇಟ್ ಬೇಡ ಎನ್ನುವವರಿಗೆ ಪಾರದರ್ಶಕ ದರ್ಜೆಯ ಜಾಂಥನ್ ಗಮ್ ಇದೆ, ಕಿಲೋಗೆ 6ರಿಂದ 8 ಗ್ರಾಂ. ಗ್ಲಿಸರಿನ್‌ನಲ್ಲಿ ಕಲಸಿ ನೀರಿಗೆ ಬಿಟ್ಟರೆ ಗಂಟು ಕಟ್ಟುವುದಿಲ್ಲ. ತುಸು ಲೋಳೆ, ತುಸು ಮಬ್ಬು ಒಪ್ಪಿಕೊಳ್ಳಬೇಕಷ್ಟೇ.

ಹಿಡಿತ ಸಡಿಲುವುದು ಶಾಖದಲ್ಲಿ. ಹಾಸನದ ತಂಪಿನಲ್ಲಿ ನಿಂತ ಕಣ ಬೇಸಿಗೆಯಲ್ಲಿ ಬಳ್ಳಾರಿಯ ಅಂಗಡಿಯಲ್ಲೂ ನಿಲ್ಲಬೇಕು. ನಾಲ್ಕು ಬಾಟಲಿಗಳನ್ನು 45 ಡಿಗ್ರಿಯಲ್ಲಿ ಮೂರು ತಿಂಗಳಿಟ್ಟು ನೋಡದೆ ಮಾರಬಾರದು. ಸೂಕ್ಷ್ಮಾಣು ಪರೀಕ್ಷೆಯೂ ಆಗಬೇಕು, ಕರಟ ಸಸ್ಯಮೂಲದ್ದು. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ಸಿಒಎಸ್-8 ನಮೂನೆಯ ಪರವಾನಗಿ ಬೇಕು. ಮನೆಯಲ್ಲಿ ಮಾಡಿದ್ದು ಎಂದರೆ ವಿನಾಯಿತಿ ಇಲ್ಲ.

ಬಾಡಿವಾಶ್ ತರಬೇತಿ ನಡೆಸುವವರಲ್ಲಿ ಒಂದೇ ಕೋರಿಕೆ: ಶಿಬಿರದ ಕೊನೆಗೆ ಪ್ರಮಾಣಪತ್ರದ ಜೊತೆ ಪ್ರತಿ ಸಂಘಕ್ಕೂ ಒಂದು ಪಿಎಚ್ ಮೀಟರ್, ಎರಡು ಜರಡಿ ಕೊಟ್ಟು ಕಳಿಸಿ.

— ಸೋಪು, ಶಾಂಪೂ ತಯಾರಿಕೆಯಲ್ಲಿರುವ ಓದುಗರು, ಹಾಸನ