ಕಾಲುವೆಯ ಕೊನೆಯಿಂದ ಜಲಸಂಪನ್ಮೂಲ ಸಚಿವರಿಗೆ

ಮಾನ್ಯ ಸಚಿವರೇ,

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ಮಾನ್ವಿ ತಾಲ್ಲೂಕಿನಲ್ಲಿ ನನ್ನ ಆರು ಎಕರೆ ಹೊಲವಿದೆ. ಬೆಳೆ ಬಾಡಿದಾಗಲೆಲ್ಲ ನಾವು ಮೇಲ್ಭಾಗದವರನ್ನು ನೀರುಗಳ್ಳರೆಂದು ಬೈಯುತ್ತೇವೆ. ಸರ್ಕಾರ ಕಾಲುವೆ ದಂಡೆಗೆ ಪೊಲೀಸರನ್ನು ಕಳುಹಿಸುತ್ತದೆ. ಎರಡರಿಂದಲೂ ನಮ್ಮ ತೂಬಿಗೆ ನೀರು ಬಂದಿಲ್ಲ.

ಕಳೆದ ಬಾರಿ ಕಾಲುವೆಯ ಮೇಲ್ಭಾಗದಲ್ಲಿರುವ ಗಂಗಾವತಿ ಕಡೆಯ ಸೋದರಮಾವನ ಊರಿಗೆ ಹೋಗಿದ್ದೆ. ರಾತ್ರಿ ಹತ್ತು ದಾಟಿತ್ತು. ಕಾಲುವೆಗೆ ಇಳಿಬಿಟ್ಟ ಪೈಪು, ದಂಡೆಯ ಮೇಲೆ ಗುಡುಗುವ ಡೀಸೆಲ್ ಪಂಪು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬದು ಕಟ್ಟುತ್ತಿದ್ದ ಮಾವ. "ಮಾವ, ಇದು ನಮ್ಮ ಪಾಲಿನ ನೀರು" ಎಂದೆ. ಅವರು ಸಿಟ್ಟಾಗಲಿಲ್ಲ. "ಜೋಳ ಬಿತ್ತಿದರೆ ನೀರು ಉಳಿಯುತ್ತದೆ ಅಳಿಯ. ಉಳಿಸಿದ್ದಕ್ಕೆ ನನಗೆ ಏನು ಸಿಗುತ್ತದೆ? ಭತ್ತವಾದರೆ ವ್ಯಾಪಾರಿ ಕಣಕ್ಕೇ ಬಂದು ಒಯ್ಯುತ್ತಾನೆ." ನನ್ನ ಹೊಲ ಅಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಹೆಚ್ಚು ಊರುಗಳಲ್ಲಿ ನೀರು ಹಂಚಬೇಕೆಂಬುದು ಈ ಕಾಲುವೆಯ ಮೂಲ ಲೆಕ್ಕ. ಆದರೆ ನೀರಿನ ಕರ ನಿಂತಿರುವುದು ಎಕರೆ ಮತ್ತು ಬೆಳೆಯ ಮೇಲೆ, ಹರಿದ ನೀರಿನ ಅಳತೆಯ ಮೇಲಲ್ಲ. ಗದ್ದೆಗೆ ಒಮ್ಮೆ ಹಾಯಿಸಿದರೂ ಹತ್ತು ಸಲ ಹಾಯಿಸಿದರೂ ಕರ ಒಂದೇ. ಹೀಗಿರುವಾಗ ತೂಬು ಮುಚ್ಚುವವರು ಯಾರು? ಅತ್ತ 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ.

ಜೋಳದ ಕಥೆಯನ್ನೂ ಕೇಳಿ. ಬೆಂಬಲ ಬೆಲೆಯನ್ನು ನಂಬಿ ಜೋಳ ಬೆಳೆದೆ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಮೂರು ರಾತ್ರಿ ಚೀಲಗಳ ಮೇಲೆಯೇ ಮಲಗಿದೆ. ಹಣ ಖಾತೆಗೆ ಬಂದದ್ದು ನಾಲ್ಕು ತಿಂಗಳ ನಂತರ; ಅಷ್ಟರಲ್ಲಿ ಕೈಸಾಲದ ಬಡ್ಡಿ ಲಾಭವನ್ನೆಲ್ಲ ತಿಂದಿತ್ತು. ಇದನ್ನು ಕಣ್ಣಾರೆ ಕಂಡ ನಮ್ಮೂರಿನ ಎಷ್ಟೋ ಜನ, ನೀರಿನ ಖಾತ್ರಿ ಇಲ್ಲದಿದ್ದರೂ, ಮರುವರ್ಷ ಭತ್ತವನ್ನೇ ನಾಟಿ ಮಾಡಿದರು. ಅವರನ್ನು ಹೇಗೆ ತಪ್ಪೆನ್ನಲಿ?

ವಿತರಣಾ ಕಾಲುವೆಗಳ ಬಾಯಲ್ಲೇ ನೀರನ್ನು ಅಳೆಯಿರಿ. ನೀರು ಬಳಕೆದಾರರ ಸಂಘಗಳಿಗೆ ಅಳತೆಯ ಮೇಲೆ ದರ ಹಾಕಿ, ಉಳಿಸಿದ ಸಂಘಕ್ಕೆ ಹಣ ಕೊಡಿ. ಜೋಳದ ಖರೀದಿ ಕೇಂದ್ರಗಳನ್ನು ರಾಶಿಗೆ ಮೊದಲೇ ತೆರೆದು, ಹದಿನೈದು ದಿನದೊಳಗೆ ದುಡ್ಡು ಹಾಕಿಸಿ. ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ನೀರು ಬಿಡುವ ದಿನಾಂಕದ ಜೊತೆಗೆ ಈ ನೀರಿನ ದರವನ್ನೂ ತೀರ್ಮಾನಿಸಿ, ಸಸಿಮಡಿ ಹಾಕುವ ಮೊದಲೇ ಊರೂರಿಗೆ ತಿಳಿಸಿ. ನಾಟಿ ಮುಗಿದ ಮೇಲೆ ಹೇಳಿದರೆ ನನ್ನ ಮಾವ ಪಂಪು ನಿಲ್ಲಿಸಲಾರರು.

ಇಂತಿ,
ಮಾನ್ವಿ ತಾಲ್ಲೂಕಿನ ಕೆಳಭಾಗದ ಒಬ್ಬ ರೈತ